ಅರ್ಧಕ್ಕಿಡು

ತ್ಬಿಲಿಸಿಯ ರೈಲುನಿಲ್ದಾಣದ ಚೌಕದ ಕೆಳಗೆ, ಸುರಂಗದಾರಿಯಲ್ಲಿ,
ಕಾಲ್ಚೀಲ ಮಾರುವವಳಿಗೂ ಕೀಲಿ ಕೊರೆಯುವವನಿಗೂ ನಡುವೆ
ಒಂದೂವರೆ ಮೀಟರಿನ ಗಾಜಿನ ಗೂಡು, ನನ್ನದು.
ಒಡೆದ ಪರದೆ, ಸತ್ತ ಬ್ಯಾಟರಿ, ನೀರು ಕುಡಿದ ಸ್ಪೀಕರು,
ರೋಗ ಹೇಳಿಕೊಂಡು ಬರುತ್ತಾರೆ ಜನ.
ಲಾಮಾರಾ ಬಂದದ್ದು ಚಾಡಿ ಹೇಳಲು:
"ಬೊಂಡೋ, ಇದು ಕುಣಿಯುತ್ತದೆ."

ಮುಂಗೈವರೆಗೆ ಹಿಟ್ಟು. ಒಂದು ಹುಬ್ಬು ಸೀದಿದೆ.
ಹಳಿಗಳಾಚೆಯ ಏರುಬೀದಿಯಲ್ಲಿ ರೊಟ್ಟಿಯ ಒಲೆ ಅವಳದು,
ಬಾವಿಯಂಥ ಒಲೆ. ಸೊಂಟದ ತನಕ ಬಗ್ಗಿ
ದೋಣಿಯಂತೆ ಎಳೆದ ಹಿಟ್ಟನ್ನು ಗೋಡೆಗೆ ಬಡಿದು
ಏಳುವುದು, ಮತ್ತೆ ಬಗ್ಗುವುದು,
ನಲವತ್ತೊಂದು ವರ್ಷ.

"ದುಡ್ಡು ಹಾಕಿದೆ ಅನ್ನುತ್ತಾನೆ ಗಿರಾಕಿ.
ಬಂತೋ ಇಲ್ಲವೋ ಅಂತ ಮುಟ್ಟಿದೆನೋ,
ಚೌಕಗಳೆಲ್ಲ ಮೊದಲು ಕುಗ್ಗುತ್ತವೆ, ಆಮೇಲೆ ಉಬ್ಬುತ್ತವೆ,
ಒಂದರ ಹಿಂದೊಂದು ಬರುತ್ತವೆ ಬೀಗರ ಹಾಗೆ;
ಕೊನೆಯವನು ಬಂದು ಕೂರುವ ತನಕ
ಯಾರನ್ನೂ ಮಾತಾಡಿಸುವ ಹಾಗಿಲ್ಲ.
ಬ್ಯಾಂಕು ಇಲ್ಲಿದೆ ಅಂತ ಒತ್ತುವಷ್ಟರಲ್ಲಿ
ಅದು ಅಲ್ಲಿಂದ ಜಾರಿರುತ್ತದೆ,
ಆ ಜಾಗದಲ್ಲಿ ಕ್ಯಾಮೆರಾ ನಿಂತಿರುತ್ತದೆ.
ನನ್ನ ಗದ್ದದ ಫೋಟೋ ಎಷ್ಟಿವೆ, ನೋಡು."

ನೋಡಿದೆ. ಇನ್ನೂರ ಹದಿನಾರು ಗದ್ದ.
ಒಂದರ ಹಿಂದೆ ಹೊಗೆ.
"ಅದು ಮಂಗಳವಾರದ್ದು," ಅಂದಳು. "ಹನ್ನೆರಡು ರೊಟ್ಟಿ."

ಅಕ್ಕನ ಮಗ ರೆಝೋ ಕೊಡಿಸಿದ್ದಂತೆ,
ಅಗ್ಗದ್ದು, ಬೆನ್ನು ಮಾತ್ರ ಮಿರಿಮಿರಿ.
ಒಳಗೆ ಬಡವನ ಎದೆ, ಹೊರಗೆ ಸಾಹುಕಾರನ ಒನಪು;
ಉಸಿರು ಸಾಲದೆ ಕುಣಿತದ ನಡುವೆ ತೊದಲುತ್ತದೆ.
ಎಲ್ಲೋ ತಣ್ಣನೆ ಕೋಣೆಯಲ್ಲಿ ಕೂತವರು
ಬಾಗಿಲು ತೆರೆದುಕೊಳ್ಳುವ ಸೊಬಗಿಗೆ
ತಿಂಗಳುಗಟ್ಟಲೆ ದುಡಿದಿರಬೇಕು.
ಬಾಗಿಲಾಚೆ ಹೋಗಬೇಕಾದವಳು ಒಬ್ಬಳಿದ್ದಾಳೆ,
ಅವಳ ರೊಟ್ಟಿ ಒಲೆಯಲ್ಲಿದೆ ಎಂದು
ಅವರಿಗೆ ಯಾರು ಹೇಳಬೇಕು?
ಅವರು ಒಮ್ಮೆ ನೋಡಿ ಮೆಚ್ಚಿದ್ದನ್ನು
ಇವಳು ದಿನಕ್ಕೆ ನೂರು ಸಲ ಕಾಯಬೇಕು.

ಸೆಟ್ಟಿಂಗ್ಸಿಗೆ ಹೋದೆ. ತೀರಾ ತಳದಲ್ಲಿ
ಯಾರೂ ಓದದ ಒಂದು ಸಂಖ್ಯೆ.
"ಇದನ್ನು ಏಳು ಸಲ ಒತ್ತು, ನೀನೇ."
ಒತ್ತಿದಳು, ಎಣಿಸುತ್ತ, ಗಟ್ಟಿಯಾಗಿ.
ಈಗ ನೀವು ಡೆವಲಪರ್, ಅಂದಿತು ಪರದೆ.
"ಅಂದರೆ?"
"ಇದನ್ನು ಕಟ್ಟುವವರ ಪೈಕಿ ನೀನೂ ಒಬ್ಬಳು."
"ಹಾಗಿದ್ದರೆ ಇಷ್ಟು ದಿನ ನನ್ನನ್ನು ಯಾಕೆ ಕೇಳಲಿಲ್ಲ?"
ಮೂರು ಸಾಲು ಸಿಕ್ಕವು. ಮೂರನ್ನೂ ಸೊನ್ನೆ ಮಾಡಿದೆ.
ಮುಟ್ಟಿದರೆ ಇದೆ. ಮುಟ್ಟಿದರೆ ಇಲ್ಲ.
ದುಡ್ಡು ಬೇಡವೆಂದೆ. ಬಿಸಿ ರೊಟ್ಟಿಯೊಂದನ್ನು
ಸ್ಕ್ರೂಡ್ರೈವರುಗಳ ಮೇಲಿಟ್ಟು ಹೋದಳು.

ನಾಲ್ಕನೆಯ ದಿನ ಮತ್ತೆ ಬಂದಳು.
ಹೊಸ ಗದ್ದ ಒಂದೂ ಇಲ್ಲ. ರೊಟ್ಟಿಯೂ ಸೀದಿಲ್ಲವಂತೆ.
"ಆದರೆ ಬೊಂಡೋ, ಈಗ ಬಂದದ್ದು ಎಲ್ಲಿಂದ ಬಂತು,
ಮುಚ್ಚಿದ್ದು ಎಲ್ಲಿಗೆ ಹೋಯಿತು, ಒಂದೂ ತಿಳಿಯದು.
ರೆಪ್ಪೆ ಬಡಿದರೆ ಬೇರೆಯದೇ ಇರುತ್ತದೆ.
ನಿನ್ನೆ ಅಕ್ಕನ ಜೊತೆ ಮಾತು ಮುಗಿಸಿದೆ,
ಅವಳು ಇದ್ದಾಳೋ ಹೋದಳೋ ಗೊತ್ತಾಗದೆ
ಮೂರು ಸಲ ಇಡ್ತೀನಿ ಅಂದೆ, ಖಾಲಿ ಫೋನಿಗೆ.
ಮೆಟ್ಟಿಲು ಹತ್ತಿದ ನೆನಪೇ ಇಲ್ಲದೆ
ಮಹಡಿಯಲ್ಲಿ ನಿಂತ ಹಾಗೆ."

ಸುರಂಗದ ತುದಿಯಲ್ಲಿ ಮೆಟ್ರೋದ ಎಸ್ಕಲೇಟರು
ಗಡಗಡ ಇಳಿಯುತ್ತಿತ್ತು. ಒಬ್ಬ ಮುದುಕ
ಕಾಲೆತ್ತಿ, ತಡೆದು, ಹೊಂಚಿ, ಇಟ್ಟ.
ಹಿಂದಿನವರು ಗೊಣಗಿದರು.

"ಒಲೆಯಲ್ಲಿ ಹೇಗೆ?" ಕೇಳಿದೆ.
"ಒಲೆಯಲ್ಲಾ? ಗೋಡೆ ಬಿಡುವ ಮುಂಚೆ ರೊಟ್ಟಿ
ಒಂದಂಚು ಎತ್ತುತ್ತದೆ. ಇಷ್ಟೇ ಇಷ್ಟು.
ಅಷ್ಟಾದರೆ ಸಾಕು ನನಗೆ.
ಅದಕ್ಕಿಂತ ಹೆಚ್ಚು ಕಾದರೆ ಬೂದಿಗೆ ಬೀಳುತ್ತದೆ."

ಅರ್ಧಕ್ಕಿಟ್ಟೆ. ಸೊನ್ನೆ ಬಿಂದು ಐದು.
ಮುಟ್ಟಿದಳು. ಚೌಕ ಒಂದಂಚು ಎತ್ತಿತು, ಬಂತು.
ಇನ್ನೊಮ್ಮೆ ಮುಟ್ಟಿದಳು, ನನ್ನ ಮುಖ ನೋಡಲಿಲ್ಲ,
ಏಪ್ರನ್ನಿಗೆ ಒರೆಸಿ ಜೇಬಿಗೆ ಹಾಕಿಕೊಂಡಳು.
ಮತ್ತೆ ಬಂದಿಲ್ಲ. ರಿಪೇರಿಯವನಿಗೆ
ಹೊಗಳಿಕೆ ಅಂದರೆ ಅದೇ.

ನನ್ನ ಫೋನನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.
ಗಿರಾಕಿಗಳಿಲ್ಲದ ಸಂಜೆ, ಕೀಲಿಯವನೂ ಹೋದ ಮೇಲೆ,
ಸುಮ್ಮನೆ ತೆರೆಯುತ್ತೇನೆ, ಮುಚ್ಚುತ್ತೇನೆ.
ಕುಣಿಯಲಿ.
ನನ್ನದೇನೂ ಒಲೆಯಲ್ಲಿಲ್ಲ.